ಹಗೇವಿನ ಬಾಯಲ್ಲಿ ಹದಿಮೂರರ ಮಗ್ಗಿ

ಚಿಕ್ಕನರಗುಂದದ ಹೊಳಿಯಪ್ಪನ ಮಗಳು ಅನಿತಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ ಎಂಬುದನ್ನು ಊರು ಎಂದೋ ಒಪ್ಪಿಕೊಂಡಿತ್ತು. ದಿನಾ ಸ್ಕೂಟಿ ಮೇಲೆ ಕೊಣ್ಣೂರಿಗೆ ಹೋಗುತ್ತಾಳೆ, ಸೇತುವೆ ಮೇಲೆ ನೀರು ಬಂದ ದಿನ ಬಂದಷ್ಟೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಾಳೆ, ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ. ಇದರಲ್ಲಿ ತಿಳಿಯದ್ದು ಏನೂ ಇರಲಿಲ್ಲ. ಆದರೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಆಕೆ ಮತ್ತೆ ಪುಸ್ತಕ ಹಿಡಿದು ಧಾರವಾಡಕ್ಕೆ ಓಡಾಡತೊಡಗಿದಾಗ, ಅದೂ ಹಗೇವಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆಂದು ಗೊತ್ತಾದಾಗ, ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

"ಹಗೇವಿನ ಮ್ಯಾಲ ಓದೂದೇನೈತಿ? ಇಳೀಬೇಕು, ಜ್ವಾಳ ತಗೀಬೇಕು, ಮ್ಯಾಲ ಬರಬೇಕು. ಮುಗೀತು" ಎಂದ ಚಹಾದಂಗಡಿಯ ಉಸ್ಮಾನಸಾಬ. ಹಾಗೆ ಅನ್ನುವ ಹಕ್ಕು ಅವನಿಗಿತ್ತು. ಅಂಗಡಿ ಹಾಕುವ ಮೊದಲು ಇಪ್ಪತ್ತು ವರ್ಷ ಹೊಳಿಯಪ್ಪನ ಸೊಂಟದ ಹಗ್ಗದ ಇನ್ನೊಂದು ತುದಿ ಹಿಡಿದವನು ಅವನೇ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಗೋಡೆಗೆ ಜೋಳದ ದಂಟು ಕಟ್ಟಿ, ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಹುಳ ಬದುಕದ ಗಾಳಿಯಲ್ಲಿ ಮನುಷ್ಯನೂ ಬದುಕುವುದಿಲ್ಲ ಎನ್ನುವುದು ಅದರ ಇನ್ನೊಂದು ಗುಣ. ಅದಕ್ಕೇ ಹಗೇವು ತೆಗೆದ ಮೇಲೆ ಒಂದು ದಿನ ಬಾಯಿ ತೆರೆದಿಡುತ್ತಿದ್ದರು, ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಉರಿದರೆ ಹೊಳಿಯಪ್ಪ ಇಳಿಯುತ್ತಿದ್ದ. ಹಗೇವು ಇದ್ದದ್ದು ದೊಡ್ಡ ಮನೆಗಳವರದು, ಇಳಿಯುವುದು ಹೊಳಿಯಪ್ಪನಂಥವರ ಪಾಲಿಗೆ ಬಂದದ್ದು. ಸುತ್ತ ಹತ್ತು ಹಳ್ಳಿಗಳಲ್ಲಿ ಅವನಷ್ಟು ಹಗೇವು ಇಳಿದವನು ಇನ್ನೊಬ್ಬನಿಲ್ಲ, ಇಳಿದು ಎದ್ದು ಬಂದವನಂತೂ ಇಲ್ಲವೇ ಇಲ್ಲ.

ಅನಿತಾ ಏಳು ವರ್ಷದವಳಿದ್ದಾಗಿನಿಂದ ಅಪ್ಪ ಆಕೆಯನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಹಗೇವಿನ ಬಾಯಿಯ ಪಕ್ಕ ಗೋಣಿಚೀಲ ಹಾಸಿ ಕೂರಿಸಿ, ಒಂದು ಆಟ ಹೂಡುತ್ತಿದ್ದ. ಆಕೆ ಮೇಲಿನಿಂದ "ಹದಿಮೂರೇಳ್ಲೆ?" ಎಂದು ಕೂಗಬೇಕು. ಅಪ್ಪ ಒಳಗಿನಿಂದ ಪುಟ್ಟಿ ತುಂಬುತ್ತಲೇ "ತೊಂಬತ್ತೊಂದ" ಎನ್ನಬೇಕು. ತಪ್ಪಿದರೆ ಅಪ್ಪ ಔಟು. ಆಕೆ "ಅಪ್ಪ ತಪ್ಪಿದಾ!" ಎಂದು ಚಪ್ಪಾಳೆ ತಟ್ಟಿದ್ದೇ ತಡ, ಉಸ್ಮಾನಸಾಬ ಸರಸರ ಹಗ್ಗ ಎಳೆದು ಅಪ್ಪನನ್ನು ಹೊರಗೆ ಹಾಕುತ್ತಿದ್ದ. ಒಮ್ಮೆಯಂತೂ ಸೋತ ಅಪ್ಪ ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿ ಮಲಗಿಬಿಟ್ಟ. ಸೋತದ್ದಕ್ಕೆ ಸಿಟ್ಟು ಬಂದಿದೆ ಎಂದುಕೊಂಡು ಆಕೆ "ಸೋತಾ, ಸೋತಾ" ಎನ್ನುತ್ತ ಅವನ ಸುತ್ತ ಕುಣಿದಿದ್ದಳು. ಅವ್ವ ಗಾಳೆವ್ವ ಓಡಿ ಬಂದು ಬೆನ್ನಿಗೆ ಒಂದು ಬಿಟ್ಟಾಗಲೂ ಯಾಕೆಂದು ತಿಳಿದಿರಲಿಲ್ಲ.

ಮೂರನೆಯ ತರಗತಿ ಮುಗಿಯುವುದರೊಳಗೆ ಆಕೆಗೆ ಇಪ್ಪತ್ತರ ತನಕ ಮಗ್ಗಿ ಬಾಯಿಗೆ ಬಂದಿತ್ತು. ಗಣಿತ ಕೈ ಹಿಡಿಯಿತು, ಬಿ.ಎಸ್ಸಿ. ಆಯಿತು, ಬಿ.ಎಡ್. ಆಯಿತು, ನೌಕರಿ ಬಂತು. ಗಂಡ ನರಗುಂದದ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಇರುವುದು ಚಿಕ್ಕನರಗುಂದದಲ್ಲೇ, ಅಪ್ಪ ಅವ್ವನ ಜೊತೆಗೇ. ಪ್ರತಿ ಶಿಕ್ಷಕರ ದಿನಾಚರಣೆಗೂ ಆಕೆ ಮಕ್ಕಳ ಮುಂದೆ ಒಂದೇ ಕತೆ ಹೇಳುತ್ತಿದ್ದಳು. ಸಾಲಿ ಮುಖ ನೋಡದ ನನ್ನಪ್ಪ ಹಗೇವಿನಲ್ಲಿ ದುಡಿಯುತ್ತಲೇ ನನಗೆ ಮಗ್ಗಿ ಕಲಿಸಿದ ಎಂದು. ಹೇಳುವಾಗ ಎದೆಯುಬ್ಬಿ ಬರುತ್ತಿತ್ತು. ಕತೆಯೇನೋ ಚೆನ್ನಾಗಿತ್ತು, ಆದರೆ ಅದರಲ್ಲಿ ಅರ್ಧ ತಪ್ಪಿತ್ತು.

ಸಂಶೋಧನೆಯ ಹುಚ್ಚು ಹತ್ತಿದ್ದು ಎಂಟನೆಯ ತರಗತಿಯಿಂದ. ಇಂಗಾಲದ ಡೈಆಕ್ಸೈಡ್ ಉರಿಯಲು ಬಿಡುವುದಿಲ್ಲ, ಬೀಜಗಳೂ ಉಸಿರಾಡಿ ಅದನ್ನೇ ಬಿಡುತ್ತವೆ ಎಂದು ಮಕ್ಕಳು ಪರೀಕ್ಷೆಯಲ್ಲಿ ಒಂದಕ್ಷರ ತಪ್ಪದೆ ಬರೆದಿದ್ದರು. ಹಗೇವಿನೊಳಗೆ ಕಂದೀಲು ಯಾಕೆ ಬಿಡುತ್ತಾರೆ ಎಂದು ಕೇಳಿದರೆ ಮಾತ್ರ ಇಡೀ ತರಗತಿ ಒಕ್ಕೊರಲಿನಲ್ಲಿ, "ದೆವ್ವ ಐತೇನು ನೋಡಾಕ್ರಿ ಟೀಚರ್" ಎಂದಿತು. ಒಂದೇ ತಲೆಯಲ್ಲಿರುವ ಎರಡು ತಿಳಿವಳಿಕೆಗಳಿಗೆ ಪರಸ್ಪರ ಪರಿಚಯವೇ ಇಲ್ಲವಲ್ಲ ಎಂದು ಅನಿತಾಗೆ ಬೇಸರವಾಯಿತು. ಹಗೇವಿನಿಂದಲೇ ವಿಜ್ಞಾನದ ಪಾಠ ಶುರು ಮಾಡಿದರೆ ಹೇಗೆ? ಅದೇ ಆಕೆಯ ವಿಷಯವಾಯಿತು.

ಮೂರು ವರ್ಷ ಆಕೆ ಹಳ್ಳಿಹಳ್ಳಿ ತಿರುಗಿ ಹದಿನಾಲ್ಕು ಜನರ ಮಾತು ಮೊಬೈಲಿನಲ್ಲಿ ಮುದ್ರಿಸಿಕೊಂಡಳು. ಮಾಹಿತಿದಾರ ಒಂದು ಎಂದರೆ ದೊಡ್ಡ ಮನೆಯ ಅಜ್ಜಪ್ಪ ಸಾವ್ಕಾರ್ರು. ತಾಲೂಕಿನಲ್ಲಿ ಇನ್ನೂ ಹಟ ಹಿಡಿದು ಹಗೇವು ತುಂಬಿಸುವವರು ಅವರೊಬ್ಬರೇ. ಆಳ ಎಷ್ಟು, ಅಗಲ ಎಷ್ಟು, ಅವರ ಮುತ್ತಜ್ಜ ತೋಡಿಸಿದ್ದು ಯಾವ ಬರಗಾಲದಲ್ಲಿ, ಎಲ್ಲವನ್ನೂ ಎರಡು ತಾಸು ಹೇಳಿದರು. ಜನ್ಮದಲ್ಲಿ ಒಮ್ಮೆಯೂ ಒಳಗೆ ಇಳಿದಿರಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಮಾಹಿತಿದಾರ ಏಳು ಎಂದರೆ ಹೊಳಿಯಪ್ಪ. ಅಪ್ಪ ಎಂದು ಆಕೆ ಎಲ್ಲೂ ಬರೆಯಲಿಲ್ಲ. ಬರೆದರೆ ಮನೆಯವರ ಗುಣಗಾನ ಮಾಡಿದ್ದಾಳೆ ಎಂದಾರು ಎಂಬ ಅಂಜಿಕೆ. ಅದರ ಕೆಳಗೆ ಇನ್ನೊಂದು ಅಂಜಿಕೆಯೂ ಇತ್ತು, ಅದನ್ನು ಆಕೆ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಕೂಲಿಗೆ ಹಗೇವು ಇಳಿದವನ ಮಗಳು ಎಂದು ಧಾರವಾಡದ ಆ ದೊಡ್ಡ ಕಟ್ಟಡದಲ್ಲಿ ಹೇಳಿಕೊಳ್ಳಲು ನಾಲಿಗೆ ಏಳುತ್ತಿರಲಿಲ್ಲ.

ಮಾರ್ಗದರ್ಶಕಿ ಪ್ರೊಫೆಸರ್ ರಾಜೇಶ್ವರಿ ಮೇಡಂ ಕರಡನ್ನು ಪೂರ್ತಿ ಓದಿ ಕನ್ನಡಕ ತೆಗೆದಿಟ್ಟರು.

"ಎಲ್ಲಾ ಚಲೋ ಐತಿ ಅನಿತಾ. ಆದ್ರ ಇದರೊಳಗ ನೀವ ಎಲ್ಲದೀರಿ?"

"ನಾನ್ರಿ? ನಾ ಬರದಾಕಿ ಅಲ್ರಿ ಮೇಡಂ."

"ಈ ಏಳನೇ ಮಾಹಿತಿದಾರ ಯಾರು? ಉಳಿದವರು ಹೆಚ್ಚಂದ್ರ ಎರಡು ತಾಸು ಮಾತಾಡಿದ್ರ ಇವರು ಮೂರು ತಾಸು ಮಾತಾಡ್ಯಾರ."

ಅನಿತಾ ನೆಲ ನೋಡಿದಳು. "ನಮ್ಮಪ್ಪಾರಿ."

ಮೇಡಂ ಬೈಯಲಿಲ್ಲ. "ಹೊರಗಿನವರು ನೋಡೂದ ಬ್ಯಾರೆ, ಒಳಗಿನವರು ನೋಡೂದ ಬ್ಯಾರೆ. ನೀವ ಎಲ್ಲಿ ನಿಂತ ನೋಡಿದ್ರಿ ಅನ್ನೂದು ಓದುವವರಿಗೆ ಗೊತ್ತಾಗಬೇಕು. ಸಂಶೋಧಕಿಯ ಪಾತ್ರ ಅಂತ ಒಂದ ಅಧ್ಯಾಯ ಬರೀರಿ. ಅದಿಲ್ಲದ ನಾ ಸಹಿ ಮಾಡೂದಿಲ್ಲ. ಯುಗಾದಿ ತನಕ ಟೈಮ್ ಐತಿ."

ಯುಗಾದಿಗೆ ಎರಡು ತಿಂಗಳಿತ್ತು. ಸಹಿ ಆಗದಿದ್ದರೆ ನೋಂದಣಿಯ ಅವಧಿ ಮುಗಿದು ಐದು ವರ್ಷದ ಓಡಾಟ ನೀರಲ್ಲಿ ಹೋಮ ಮಾಡಿದಂತೆ. ಅನಿತಾ ಕೂತಳು, ಬರೆದಳು. "ಸಂಶೋಧಕಿಯು ತಟಸ್ಥ ವೀಕ್ಷಕಿಯಾಗಿದ್ದಳು" ಎಂದು ಶುರುವಾದ ಎರಡು ಪುಟ. ಮೇಡಂ ಅದರ ಮೇಲೆ ಕೆಂಪು ಗೆರೆ ಎಳೆದು ಕಳಿಸಿದರು. ಮತ್ತೆ ಬರೆದಳು, ಮತ್ತೆ ಗೆರೆ ಬಂತು. ಗಾಳೆವ್ವ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, "ಎರಡ ಪುಟಕ್ಕ ಇಷ್ಟ ತ್ರಾಸಾ? ನಾ ಹೇಳತೇನಿ ಬರಕೋ, ನೀ ಸಣ್ಣಾಕಿದ್ದಾಗ ಭಾಳ ಹಟಮಾರಿ ಇದ್ದಿ" ಎಂದಳು. ಅದನ್ನು ಬರೆಯಲು ಬರುವಂತಿರಲಿಲ್ಲ.

ಅಷ್ಟರಲ್ಲಿ ಅಜ್ಜಪ್ಪ ಸಾವ್ಕಾರ್ರು ಹಗೇವು ತೆಗೆಸುವ ಸುದ್ದಿ ಬಂತು. ಎಂಟನೆಯ ತರಗತಿಯ ಮಕ್ಕಳನ್ನು ಕರೆತಂದು ತೋರಿಸುತ್ತೇನೆ ಎಂದು ಅನಿತಾ ಕೇಳಿದಳು. ಸಾವ್ಕಾರ್ರು ಖುಷಿಯಿಂದ ಒಪ್ಪಿದರು. ಇಳಿಯುವವನು ಗಾಳೆವ್ವನ ತಮ್ಮನ ಮಗ ಮಂಜು. ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಹುಡುಗ, ಹದಿನೈದು ದಿನಕ್ಕೆಂದು ಊರಿಗೆ ಬಂದಿದ್ದ, ಹಗೇವು ಇಳಿಯುವುದು ಅವನಿಗೆ ಮೊದಲ ಸಲ. ಹೊಳಿಯಪ್ಪನಿಗೆ ಈಗ ಎಪ್ಪತ್ತರ ಮೇಲಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಆದರೂ ಅವನೇ ಮುಂದೆ ನಿಂತು ಎರಡು ದಿನ ಮೊದಲೇ ಬಾಯಿ ತೆರೆಸಿದ, ಮಕ್ಕಳು ದಾಟದ ಹಾಗೆ ದೂರದಲ್ಲಿ ಬೂದಿಯ ಗೆರೆ ಹಾಕಿಸಿದ. ಹಗ್ಗ ಹಿಡಿಯಲು ಉಸ್ಮಾನಸಾಬ ಅಂಗಡಿ ಮುಚ್ಚಿ ಬಂದ, ಸಾವ್ಕಾರ್ರ ಇಬ್ಬರು ಆಳುಗಳೂ ಜೊತೆಗಿದ್ದರು.

ಬೆಳಿಗ್ಗೆ ಹತ್ತಕ್ಕೆ ಅನಿತಾ ಕಂದೀಲು ಇಳಿಬಿಟ್ಟಳು. ದೀಪ ಅಲುಗಾಡದೆ ಉರಿಯಿತು. "ನೋಡಿದಿರಾ? ಉರೀತು ಅಂದರೆ ಏನರ್ಥ?" ಎಂದು ಕೇಳಿದಳು. ಮಕ್ಕಳು ಆಮ್ಲಜನಕ ಎಂದು ಕೂಗಿದರು. ಸಾವ್ಕಾರ್ರು ತಾವೇ ಆಮ್ಲಜನಕ ತರಿಸಿದವರ ಹಾಗೆ ಮೀಸೆ ತಿರುವಿಕೊಂಡರು. ಮಂಜು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಕಂದೀಲು ಅವನ ತಲೆಯ ಮಟ್ಟಕ್ಕೆ ತೂಗುತ್ತಿತ್ತು. ಆಗ ಹೊಳಿಯಪ್ಪ ಮಗಳ ಕಡೆ ತಿರುಗಿ ಹಗೇವಿನ ಬಾಯಿ ತೋರಿಸಿದ.

"ಕುಂದರು. ಮಗ್ಗಿ ಕೇಳು."

"ಈಗ್ಯಾಕ ಮಗ್ಗಿ ಅಪ್ಪಾ? ಹುಡುಗ್ರು ನೋಡಾಕತ್ತಾರ."

"ಕೇಳಂದ್ರ ಕೇಳು."

ಅಪ್ಪನ ದನಿಯಲ್ಲಿ ಎಂದೂ ಇಲ್ಲದ ಗಡಸು ಇತ್ತು. ಅನಿತಾ ಮುಜುಗರದಿಂದಲೇ ಕೂತಳು. ಟೀಚರು ನೆಲದ ಮೇಲೆ ಕೂತದ್ದು ನೋಡಿ ಮಕ್ಕಳು ಕಿಸಕ್ಕೆಂದರು. ಹದಿಮೂರರ ಮಗ್ಗಿಯೇ ಬಾಯಿಗೆ ಬಂತು. ಕೆಳಗಿನಿಂದ ಮಂಜು ನಗುನಗುತ್ತ ಉತ್ತರ ಕೊಟ್ಟ. ಪುಟ್ಟಿಗಳು ಒಂದೊಂದಾಗಿ ಮೇಲೆ ಬಂದವು. ಮಂಜು ಬಗ್ಗಿ ಬಗ್ಗಿ ಜೋಳ ಬಾಚುತ್ತಿದ್ದ. ಹೀಗೆ ಮೂರು ಸುತ್ತು ಮಗ್ಗಿ ಮುಗಿದಿತ್ತು.

"ಹದಿಮೂರಾರ್ಲೆ?"

"ಎಪ್ಪತ್ತೆಂಟಕ್ಕಾ."

"ಹದಿಮೂರೇಳ್ಲೆ?"

ಸ್ವಲ್ಪ ತಡವಾಯಿತು. "ಎಪ್ಪತ್ತೆಂಟ."

ಮಕ್ಕಳು ಘೊಳ್ಳೆಂದು ನಕ್ಕರು. ಅನಿತಾಗೂ ನಗು ಬಂತು. ಹದಿನಾಲ್ಕು ವರ್ಷದ ಮಾಸ್ತರಿಕೆಯ ರೂಢಿ, "ತಪ್ಪು ಮಂಜು, ವಿಚಾರ ಮಾಡು, ಇನ್ನೊಮ್ಮೆ ಹೇಳು" ಎಂದಳು. ಕೆಳಗಿನಿಂದ ಅದೇ ಎಳೆದ ದನಿ ಮತ್ತೆ "ಎಪ್ಪತ್ತೆಂಟ" ಎನ್ನುವಷ್ಟರಲ್ಲಿ ಹೊಳಿಯಪ್ಪ ಗುಡುಗಿದ್ದ.

"ಎಳೀರಿ! ಉಸ್ಮಾನ, ಎಳಿ!"

ಉಸ್ಮಾನಸಾಬನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ, ಅವನು ಎಪ್ಪತ್ತೆಂಟು ಕೇಳಿದಾಗಲೇ ಹಗ್ಗ ಬಿಗಿ ಹಿಡಿದಿದ್ದ. ಮಂಜು ಮೇಲೆ ಬಂದಾಗ ಕಣ್ಣು ತೇಲಿಸುತ್ತಿದ್ದ. ತಲೆ ಗಿರ್ರೆನ್ನುತ್ತದೆ ಎಂದು ಬೇವಿನ ಗಿಡದ ಕೆಳಗೆ ಬಿದ್ದುಕೊಂಡು ಒಮ್ಮೆ ವಾಂತಿ ಮಾಡಿಕೊಂಡ. ಕೆಳಗೆ ಕಂದೀಲು ಇನ್ನೂ ನೆಟ್ಟಗೆ ಉರಿಯುತ್ತಲೇ ಇತ್ತು. ಮಕ್ಕಳ ನಗು ನಿಂತುಹೋಯಿತು. ಸಾವ್ಕಾರ್ರು ಬಾಯಲ್ಲಿ ತಾವು ನಂಬಿದ ಇಟಗಿ ಭೀಮವ್ವನನ್ನು ನೆನೆಯುತ್ತ ತಮ್ಮ ಕಾರು ತರಿಸಿ ಮಂಜುನನ್ನು ನರಗುಂದದ ದವಾಖಾನೆಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಹುಡುಗ ಹುಷಾರಾಗಿದ್ದಾನೆ, ಮಿರ್ಚಿ ಬಜಿ ಬೇಕು ಎನ್ನುತ್ತಿದ್ದಾನೆ ಎಂದು ಫೋನು ಬಂತು. ಆಗ ಎಲ್ಲರೂ ಉಸಿರು ಬಿಟ್ಟರು.

ಅನಿತಾ ಮಕ್ಕಳನ್ನು ಬಸ್ಸು ಹತ್ತಿಸಿ ಬಂದಳು. ಅಪ್ಪ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಉಸ್ಮಾನಸಾಬ ಹಗ್ಗ ಸುತ್ತಿಡುತ್ತಿದ್ದ.

"ಅಪ್ಪಾ, ದೀಪ ಉರೀತಿತ್ತಲ್ಲ?"

"ದೀಪ ತಲಿ ಮಟ್ಟ ಇತ್ತು. ಅಂವ ಬಗ್ಗಿದ್ದ. ಜ್ವಾಳ ಕೆದರಿದಂಗ ಅಡಿಯಾಗಿನ ಗಾಳಿ ಏಳತೈತಿ, ಅದು ಮ್ಯಾಲ ಬರೂದಿಲ್ಲ, ಕೆಳಗ ಕುಂದರತೈತಿ. ದೀಪ ಒಳಗ ಹೋಗೂ ಮುಂದ ನೋಡಾಕ. ಒಳಗ ಹೋದಮ್ಯಾಗ ಮಾತ ನೋಡಬೇಕು."

"ಹಂಗಂದ್ರ ಸುಮ್ಮನ ಮಾತಾಡಿಸಿದ್ರ ಆಗೂದಿಲ್ಲೇನು? ಮಗ್ಗೀನ ಯಾಕ?"

"ಸುಮ್ಮನ ಮಾತಾಡಿಸಿದ್ರ ಮನಶ್ಯಾ ಹೂಂ ಅಂತಾನ. ಎಚ್ಚರ ತಪ್ಪೂ ತನಕ ಹೂಂ ಅಂತಾನ. ಹೂಂ ಅನ್ನಾಕ ತಲಿ ಬೇಕಾಗಿಲ್ಲ ಬೇ, ಲೆಕ್ಕಕ್ಕ ಬೇಕು. ನಮ್ಮಪ್ಪ ಮಳಿ ನಕ್ಷತ್ರ ಹೇಳಸತಿದ್ದ. ಮ್ಯಾಲಿನಂವ ರೋಣಿ ಅಂದ್ರ ಒಳಗಿನಂವ ಅದರ ಮುಂದಿಂದು ಮಿರಗಾ ಅನ್ನಬೇಕು. ತಪ್ಪಿದ್ನೋ, ಎಳಿ. ನೀ ಸಾಲಿಗೆ ಹೋಗಾಕ ಹತ್ತಿದ ಮ್ಯಾಲ ನಾ ಮಗ್ಗಿಗೆ ಬದಲಿ ಮಾಡಿದ್ನಿ."

ಮೂವತ್ತೈದು ವರ್ಷದ ಹಿಂದಿನ ಗೋಣಿಚೀಲ, ಚಪ್ಪಾಳೆ, ಇದೇ ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿ ಮಲಗಿದ್ದ ಅಪ್ಪ, ಬೆನ್ನಿಗೆ ಬಿದ್ದ ಅವ್ವನ ಏಟು, ಎಲ್ಲ ಒಟ್ಟಿಗೆ ಅನಿತಾಳ ಕಣ್ಣ ಮುಂದೆ ಬಂದವು.

"ನೀ ನನಗ ಮಗ್ಗಿ ಕಲಸಾಕ ಆಡಸ್ತೀ ಅಂತ ತಿಳದಿದ್ನಿ."

"ನಾ ಯಾವ ಸಾಲಿ ಕಲ್ತಿದ್ನಿ, ನಿನಗ ಕಲಸಾಕ?" ಹೊಳಿಯಪ್ಪ ನಕ್ಕ. "ಮಗ್ಗಿ ನೀ ನನಗ ಕಲಿಸಿದಿ."

"ಖರೇ ಸಂಗತಿ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅಂಜತಿದ್ದಿ. ಅಪ್ಪ ಸಾಯತಾನೇನೋ ಅಂತ ಅಂಜಿದ ಕೂಸು ತಪ್ಪ ಹಿಡೀತೈತೇನು? ಇನ್ನೊಂದ ಸರ್ತಿ ಹೇಳಪಾ ಅಂತ ಬೇಡಕೊಳ್ಳತೈತಿ. ಆಟ ಅಂದ್ರ ನೀ ಬಿಡಾಕಿ ಅಲ್ಲ. ಮೊದಲನೇ ತಪ್ಪಿಗೇ ಚಪ್ಪಾಳಿ." ಆಮೇಲೆ ಬೈಯುವ ದನಿಯೇನೂ ಇಲ್ಲದೆ ಹೇಳಿದ, "ಸಾಲ್ಯಾಗ ಇನ್ನೊಮ್ಮೆ ಕೇಳ್ತಾರ. ಹಗೇವಿನ್ಯಾಗ ಕೇಳೂದಿಲ್ಲ."

ಉಸ್ಮಾನಸಾಬ ಹಗ್ಗದ ಗಂಟು ಬಿಗಿಯುತ್ತ, "ಮೂರ ಸರ್ತಿ ಉಳಿಸಿದಿ ಯವ್ವಾ ನಿಮ್ಮಪ್ಪನ್ನ" ಎಂದ. "ಕಿವಿ ಅಂದ್ರ ನಿಂದ ಕಿವಿ. ಈ ಮಗಳ ಕುಂತಿದ್ರ ಮಾತ್ರ ಇಳೀತೇನಿ ಅಂತಿದ್ದ. ನಿನಗ ಜ್ವರ ಬಂದ ದಿನ ಕೆಲಸಾನ ಇಲ್ಲ."

ಮನೆಗೆ ಬಂದ ಅನಿತಾ ಮೊಬೈಲು ತೆಗೆದು ಏಳನೆಯ ಮಾಹಿತಿದಾರನ ಮೂರು ತಾಸಿನ ಮಾತು ಮತ್ತೆ ಕೇಳಿದಳು. ಬರೆದುಕೊಳ್ಳುವಾಗ ಅದರ ಅರ್ಧಕ್ಕರ್ಧ ಭಾಗವನ್ನು "ಮನೆಮಾತು, ವಿಷಯಕ್ಕೆ ಸಂಬಂಧವಿಲ್ಲ" ಎಂದು ಬಿಟ್ಟುಬಿಟ್ಟಿದ್ದಳು. ಆ ಬಿಟ್ಟ ಅರ್ಧದಲ್ಲಿ ಅಪ್ಪ ಎಲ್ಲವನ್ನೂ ಹೇಳಿದ್ದ. ಹೂಂ ಅನ್ನಾಕ ತಲಿ ಬೇಕಾಗಿಲ್ಲ ಎಂದಿದ್ದ, ನಕ್ಷತ್ರಗಳ ಸಾಲು ಹೇಳಿದ್ದ, ನೀ ಚಪ್ಪಾಳಿ ತಟ್ಟಿದಾಗ ಎಂದು ಶುರುವನ್ನೂ ಮಾಡಿದ್ದ. ಪ್ರತಿ ಸಲವೂ ನಡುವೆ ಒಂದು ಹೆಣ್ಣುದನಿ ಬಾಯಿ ಹಾಕುತ್ತಿತ್ತು. "ಅಪ್ಪಾ, ಅದಿರಲಿ, ದೀಪದ್ದ ಹೇಳು." ತನ್ನ ದನಿ ಕೇಳಿ ಆಕೆಗೆ ನಾಚಿಕೆಯಾಯಿತು. ಗೊತ್ತಿರುವವನು ಹೇಳುತ್ತಿದ್ದ, ಕೇಳಲು ಹೋದವಳೇ ತಡೆಯುತ್ತಿದ್ದಳು. ಅವತ್ತು ಅಪ್ಪ ಅಲ್ಲಿಲ್ಲದೆ ಆಕೆಯ ಪ್ರಬಂಧವನ್ನಷ್ಟೇ ನಂಬಿದ್ದರೆ ಮಂಜು ಉಳಿಯುತ್ತಿರಲಿಲ್ಲ, ಯಾಕೆಂದರೆ ಅದರಲ್ಲಿ ಬರೀ ದೀಪವಿತ್ತು.

ಮಾರನೆಯ ದಿನ ಸಾವ್ಕಾರ್ರು ತಾವೇ ಮನೆತನಕ ಬಂದರು. ಹಾಗೆ ಬಂದವರಲ್ಲ, ಅದಕ್ಕೇ ಗಾಳೆವ್ವ ಗಾಬರಿಯಾಗಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಅವರು ಅದನ್ನು ಕುಡಿದೇ ಹೇಳಿದರು, "ಅನಿತಾ, ಖರೇ ಹೇಳತೇನಿ, ಆ ಹಗೇವಿನ್ಯಾಗ ನಾ ಒಂದ ಸರ್ತೀನೂ ಇಳದಿಲ್ಲ. ನಿನ್ನ ಬುಕ್ಕಿನ್ಯಾಗ ಮೊದಲನೇದ್ದು ಹೊಳಿಯಪ್ಪನ ಹೆಸರು ಹಾಕು." ಅಷ್ಟು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ಅನಿತಾಗೆ ಅತಿ ಹೆಚ್ಚು ಹಿಡಿಸಿದ್ದು ಇದು.

ಆ ಅಧ್ಯಾಯವನ್ನು ಬರೆಯಲು ಆಕೆಗೆ ನಾಲ್ಕೇ ದಿನ ಹಿಡಿಯಿತು. "ಸಂಶೋಧಕಿಯು" ಎಂಬ ಪದವನ್ನು ಹೊಡೆದು ಹಾಕಿ "ನಾನು" ಎಂದು ಶುರು ಮಾಡಿದಳು. ನಾನು ಹಗೇವು ಇಳಿಯುವ ಹೊಳಿಯಪ್ಪನ ಮಗಳು. ಏಳನೆಯ ವಯಸ್ಸಿನಿಂದ ಹನ್ನೊಂದನೆಯ ವಯಸ್ಸಿನವರೆಗೆ ನಾನು ಹಗೇವಿನ ಬಾಯಲ್ಲಿ ಕೂತು ಅಪ್ಪನ ಎಚ್ಚರವನ್ನು ಅಳೆಯುತ್ತಿದ್ದೆ. ಈ ಅಧ್ಯಯನದಲ್ಲಿ ನಾನು ಬಳಸಿದ ಮೊದಲ ಉಪಕರಣ ನನ್ನ ಕಿವಿ, ಅದನ್ನು ಮಾಡಿಕೊಟ್ಟವನು ನನ್ನಪ್ಪ. ಸಂಶೋಧಕಿಯಾಗಿ ಬಂದ ಮೇಲೆ ಆ ಕಿವಿಯನ್ನು ನಾನೇ ಮುಚ್ಚಿಕೊಂಡಿದ್ದೆ. ಎಲ್ಲಿ ಅಪ್ಪನ ಮಾತು ತಡೆದೆ, ಎಷ್ಟನ್ನು ಬಿಟ್ಟೆ, ಅದರಿಂದ ಯಾರ ಜೀವಕ್ಕೆ ಕುತ್ತು ಬಂತು ಎಂಬುದನ್ನೂ ಬಚ್ಚಿಡದೆ ಬರೆದಳು. ಹದಿನಾಲ್ಕೂ ಮಾಹಿತಿದಾರರ ಒಪ್ಪಿಗೆ ಕೇಳಿ ಅವರವರ ಹೆಸರು ಹಾಕಿದಳು. ಈ ಸಲ ಮೇಡಂ ಕೆಂಪು ಪೆನ್ನು ತೆಗೆಯಲೇ ಇಲ್ಲ. ಓದಿ ಮುಗಿಸಿ, ನೀಲಿ ಪೆನ್ನಿನಿಂದ ಸಹಿ ಮಾಡಿ, "ಅಪ್ಪಾರಿಗೆ ನಮಸ್ಕಾರ ಹೇಳ್ರಿ" ಎಂದರು.

ಈಗ ಕೊಣ್ಣೂರಿನ ಎಂಟನೆಯ ತರಗತಿಯಲ್ಲಿ ಆ ಪಾಠ ಬೇರೆ ಥರ ನಡೆಯುತ್ತದೆ. ಮೊದಲು ಹೊಳಿಯಪ್ಪನ ದನಿ ಕೇಳಿಸುತ್ತಾಳೆ, ಆಮೇಲೆ ಪುಸ್ತಕ ತೆಗೆಸುತ್ತಾಳೆ. ದೆವ್ವದ ಸುದ್ದಿ ಯಾರೂ ಎತ್ತುವುದಿಲ್ಲ. ಶಿಕ್ಷಕರ ದಿನದ ಕತೆಯನ್ನೂ ಆಕೆ ತಿದ್ದಿಕೊಂಡಿದ್ದಾಳೆ. ಹೇಳುವಾಗ ಎದೆ ಮೊದಲಿಗಿಂತ ಹೆಚ್ಚು ಉಬ್ಬುತ್ತದೆ, ಮುಚ್ಚುಮರೆಯಿಲ್ಲದೆ ಉಬ್ಬುತ್ತದೆ.

ಪದವಿ ಬಂದ ವಾರ ರಟ್ಟು ಕಟ್ಟಿಸಿದ ಪ್ರಬಂಧವನ್ನು ತಂದು ಅಪ್ಪನ ತೊಡೆಯ ಮೇಲಿಟ್ಟಳು. ಹೊಳಿಯಪ್ಪನಿಗೆ ಅಕ್ಷರ ಬಾರದು, ಅಂಕಿ ಬರುತ್ತವೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತ ಹೋದ. ಒಂದು ಕಡೆ ಅಂಕಿಗಳ ಸಾಲು ಕಂಡಿತು. ಅದು ಅವತ್ತು ಹಗೇವಿನ ಬಾಯಲ್ಲಿ ಕೇಳಿದ ಹದಿಮೂರರ ಮಗ್ಗಿ. ಮುದುಕನ ಮುಖ ಅರಳಿತು. ಅಂಕಿಯ ಮೇಲೆ ಬೆರಳಿಟ್ಟು, ರೂಢಿಯಂತೆ ಗಟ್ಟಿಯಾಗಿ ಕೂಗಿದ.

"ಹದಿಮೂರಾರ್ಲೆ?"

"ಎಪ್ಪತ್ತೆಂಟ" ಎಂದಳು ಅನಿತಾ.

"ಹದಿಮೂರೇಳ್ಲೆ?"

ತೊಂಬತ್ತೊಂದು ಎನ್ನಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಹೊಳಿಯಪ್ಪ ಪುಸ್ತಕದಿಂದ ತಲೆಯೆತ್ತಿ ಮಗಳ ಮುಖ ನೋಡಿದ. ಎರಡನೆಯ ಸಲ ಕೇಳಲಿಲ್ಲ. ಪುಸ್ತಕವನ್ನು ಪಕ್ಕಕ್ಕಿಟ್ಟು ಕೈ ಚಾಚಿದ.

"ಯಾಕವ್ವಾ, ಎಳೀಲೇನು?"